ಸಾಫ್ಟ್‌ವೇರ್‌ಗೂ ಒಂದು ಡ್ರಾಯರ್ ಪರೀಕ್ಷೆ

ಸಿ.ವಿ. ರಾಮನ್ ನಗರದ ಒಂದು ಹಿಂಬದಿ ಗಲ್ಲಿಯಲ್ಲಿ ಮುನಿವೆಂಕಟಪ್ಪನವರ ಫರ್ನಿಚರ್ ಷೆಡ್ ಇದೆ. ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗ. ಅಕ್ಕಪಕ್ಕದವರೆಲ್ಲ ಹೊಲದ ಮೇಲೆ ಬಾಡಿಗೆ ಮನೆ ಎಬ್ಬಿಸಿ ಕಾಲ ಮೇಲೆ ಕಾಲು ಹಾಕಿ ಕೂತರೆ, ಈ ಮಹಾನುಭಾವರು ಮಾತ್ರ ಮರದ ಹೊಟ್ಟು ಮೈಗೆ ಮೆತ್ತಿಕೊಂಡು ಮೂವತ್ತು ವರ್ಷ ಕಳೆದರು. ಹುಚ್ಚು ಅಂದರೆ ಹುಚ್ಚೇ. ಅವರದೊಂದು ಹಳೇ ಪದ್ಧತಿ: ಕೆಲಸ ಕೇಳಿಕೊಂಡು ಯಾರೇ ಬರಲಿ, ಮೊದಲು ಒಂದು ಡ್ರಾಯರ್ ಮಾಡಿಸುವುದು. ಅಂಟು ಹಾಕುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ. ಆಮೇಲೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಸದ್ದಾದರೆ ಕಾಫಿ ಕುಡಿಸಿ ಕಳಿಸುವುದು. ಇಪ್ಪತ್ತಾರು ವರ್ಷದ ಹಿಂದೆ ಮರ್ಫಿ ಟೌನಿನಿಂದ ಬಂದ ಅನೀಸ್ ಮಾಡಿದ ಡ್ರಾಯರ್ ತುಟಿಪಿಟಕ್ಕೆನ್ನಲಿಲ್ಲ. ಅಂದಿನಿಂದ ಅನೀಸ್ ಇಲ್ಲೇ.

ಈ ವರ್ಷ ಷೆಡ್ಡಿಗೆ ಸಿಎನ್‌ಸಿ ಯಂತ್ರ ಬಂತು. ಹಲಗೆ ಮಲಗಿಸಿದರೆ ತಾನೇ ಕೊರೆದು ಕತ್ತರಿಸಿ ಕೊಡುತ್ತದೆ. ಕೊಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ? ಕಂಪ್ಯೂಟರಿನಲ್ಲಿ ನಕ್ಷೆ ಬರೆದು ಹೇಳುವ ಸಾಫ್ಟ್‌ವೇರ್ ಇಲ್ಲದೆ ಅದು ಒಂದು ತೂತನ್ನೂ ಕೊರೆಯದು. ಯಾವುದನ್ನು ಕೊಳ್ಳುವುದೆಂದು ಅವರೂ ಮಗಳು ರಮ್ಯಶ್ರೀಯೂ ತಲೆ ಕೆಡಿಸಿಕೊಂಡಿದ್ದಾಗಲೇ ಗೋಡೆಯಿಂದ ಉಳಿಗಳು ಒಂದೊಂದೇ ಮಾಯವಾಗತೊಡಗಿದವು.

ಅವು ಅನೀಸನ ಸ್ವಂತ ಉಳಿಗಳು, ಶಿವಾಜಿನಗರದಲ್ಲಿ ಆರಿಸಿ ಆರಿಸಿ ಕೊಂಡವು, ಒಟ್ಟು ಹನ್ನೊಂದು. ಸಂಜೆ ಹೊರಡುವಾಗ ಒಂದನ್ನು ಬಟ್ಟೆಯಲ್ಲಿ ಸುತ್ತಿ ಸ್ಕೂಟರಿನ ಡಿಕ್ಕಿಗೆ ಹಾಕಿಕೊಳ್ಳುತ್ತಿದ್ದ. ಗೋಡೆಯಲ್ಲಿ ಎಂಟು ಉಳಿದವು, ಆಮೇಲೆ ಆರು. ಯಂತ್ರ ಬಂದಮೇಲೆ ನನಗೆ ಇಲ್ಲಿ ಏನು ಕೆಲಸ ಎಂದು ಆತ ಬಾಯಿಬಿಟ್ಟು ಹೇಳದೆಯೇ ಹೊರಟು ನಿಂತಿದ್ದ. ಮುನಿವೆಂಕಟಪ್ಪನವರಿಗೆ ತಡೆದು ಕೇಳುವ ಧೈರ್ಯವಿಲ್ಲ. ಕೇಳಿ, ಅವನು ಹೌದಣ್ಣ ಅಂದುಬಿಟ್ಟರೆ? ದಿನಾ ಬೆಳಿಗ್ಗೆ ಬಂದು ಗೋಡೆಯ ಉಳಿ ಎಣಿಸುವುದೊಂದೇ ಅವರಿಗೆ ಉಳಿಯಿತು.

ಇತ್ತ ರಮ್ಯಶ್ರೀ ಮೂರು ಸಾಫ್ಟ್‌ವೇರ್‌ಗಳನ್ನು ಪುಕ್ಕಟೆ ಪ್ರಯೋಗಕ್ಕೆ ಇಳಿಸಿಕೊಂಡಳು. ಅವೂ ಕೆಲಸ ಕೇಳಿಕೊಂಡು ಬಂದವೇ ತಾನೆ, ಒಂದೊಂದು ಡ್ರಾಯರ್ ಮಾಡಲಿ ಎಂದರು ಅಪ್ಪ.

ಮೊದಲನೆಯದರ ವೈಯಾರ ನೋಡಬೇಕಿತ್ತು. ಬರೀ ಬೀರು ತೋರಿಸು ಅಂದರೆ ಪಕ್ಕದಲ್ಲಿ ಕಿಟಕಿ, ಪರದೆ, ಹೂದಾನಿ ಎಲ್ಲ ತೋರಿಸುತ್ತಿತ್ತು. ಅದರ ನಕ್ಷೆಯಂತೆ ಯಂತ್ರ ಕೊಯ್ದ ಡ್ರಾಯರನ್ನು ಕಿವಿಗೆ ಹಿಡಿದರೆ ಲೊಡಲೊಡ. ಎರಡನೆಯದು ನೆಟ್ ಹೋದರೆ ಮುನಿಸಿಕೊಂಡು ಕೂರುವಂಥದ್ದು. ಅದರದ್ದೂ ಲೊಡಲೊಡ. ಅಪ್ಪ ಮಗಳು ಸಾಫ್ಟ್‌ವೇರನ್ನು ಬೈದರು, ಯಂತ್ರವನ್ನು ಬೈದರು, ಕೊನೆಗೆ ಒಬ್ಬರನ್ನೊಬ್ಬರು ಬೈದುಕೊಂಡರು.

ಗರಗಸದ ಬಳಿ ಬೆನ್ನು ತಿರುಗಿಸಿ ಕೂತಿದ್ದ ಅನೀಸನಿಗೆ ಆ ಸದ್ದು ತಡೆಯಲಾಗಲಿಲ್ಲ. ಎದ್ದು ಬಂದು ಡ್ರಾಯರಿನ ಮೂಲೆ ಬಿಡಿಸಿ, ಹಲಗೆಯ ಅಂಚನ್ನು ಎರಡು ಬೆರಳ ನಡುವೆ ಹಿಡಿದು ಸವರಿದ. ಕಂಪ್ಯೂಟರಿಗೆ ಎಷ್ಟು ದಪ್ಪ ಅಂತ ಹೇಳಿದ್ದೀರಿ ಎಂದು ಕೇಳಿದ. ಹದಿನೆಂಟು ಎಂಎಂ, ಹಲಗೆಯ ಮೇಲೆ ಅದೇ ಅಚ್ಚಾಗಿದೆಯಲ್ಲ ಎಂದಳು ರಮ್ಯಶ್ರೀ.

"ಅಚ್ಚಾಗಿರೋದನ್ನ ನಂಬ್ಕೊಂಡು ಯಾರಾದ್ರೂ ಕೊಯ್ತಾರೇನಮ್ಮ? ಇದು ಹದಿನೇಳೂ ಚಿಲ್ರೆ ಐತೆ."

ದಪ್ಪ ಅಳೆಯುವ ವರ್ನಿಯರ್ ಕಚ್ಚಿಸಿ ನೋಡಿದರೆ ಹದಿನೇಳು ಪಾಯಿಂಟ್ ಎರಡು. ಹಲಗೆ ಸಿಕ್ಕಿಸಲು ಹದಿನೆಂಟಕ್ಕೆ ಕೊರೆದ ಕಚ್ಚಿನಲ್ಲಿ ಅದು ಅಲ್ಲಾಡದೆ ಇದ್ದೀತೇ? ಲೋಡಿನಿಂದ ಲೋಡಿಗೆ ಹಲಗೆಯ ದಪ್ಪ ಬದಲಾಗುವುದು ಮುನಿವೆಂಕಟಪ್ಪನವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಇಷ್ಟು ವರ್ಷವೂ ಅನೀಸನೇ ಅಳೆದುಕೊಂಡು, ಅದಕ್ಕೆ ತಕ್ಕ ಹಾಗೆ ಕಚ್ಚು ಕೊಯ್ಯುತ್ತಿದ್ದ. ಇವರು ಮರೆತೇಬಿಟ್ಟಿದ್ದರು. ಅವರಿಗೆ ನಾಚಿಕೆಯಾಯಿತು.

ಮೊದಲೆರಡು ಸಾಫ್ಟ್‌ವೇರ್‌ಗಳಲ್ಲಿ ದಪ್ಪ ಬದಲಾದರೆ ರಮ್ಯಶ್ರೀ ಪ್ರತಿಯೊಂದು ಕಚ್ಚನ್ನೂ ಹೊಸದಾಗಿ ಬರೆಯಬೇಕಿತ್ತು. ಮೂರನೆಯದು ನೋಡಲು ಪೆಚ್ಚುಪೆಚ್ಚು, ಹಳೇ ಸರ್ಕಾರಿ ಅರ್ಜಿಯ ಹಾಗೆ. ಆದರೆ ಅದರಲ್ಲಿ ದಪ್ಪಕ್ಕೆಂದೇ ಒಂದು ಚೌಕವಿತ್ತು. ಅಲ್ಲಿ ಅಂಕಿ ತಿದ್ದಿದರೆ ಕಚ್ಚುಗಳೆಲ್ಲ ತಾವೇ ಸರಿಹೋಗುತ್ತಿದ್ದವು.

"ನೀವು ಅಳ್ದು ಹೇಳಿ ಅನೀಸ್ ಮಾಮ, ನಾನು ಹಾಕ್ತೀನಿ," ಎಂದಳು ರಮ್ಯಶ್ರೀ.

"ಸ್ವಲ್ಪ ಪಕ್ಕಕ್ಕೆ ಬಾಮ್ಮ, ನಾನೇ ಹಾಕ್ತೀನಿ."

ಅನೀಸ್ ಒಂದೇ ಬೆರಳಲ್ಲಿ, ಹುಡುಕಿ ಹುಡುಕಿ ಅಂಕಿ ಒತ್ತಿದ. ಯಂತ್ರ ಕೊಯ್ದು ಕೊಟ್ಟಿತು, ಅವನೇ ಜೋಡಿಸಿದ. ಮುನಿವೆಂಕಟಪ್ಪ ಕಿವಿಗೆ ಹಿಡಿದು ಅಲ್ಲಾಡಿಸಿದರು, ಮತ್ತೊಮ್ಮೆ ಅಲ್ಲಾಡಿಸಿದರು. ಸದ್ದೇ ಇಲ್ಲ. ಇದನ್ನೇ ಕೊಳ್ಳೋಣ ಎಂದು ಅಲ್ಲೇ ತೀರ್ಮಾನ ಹೇಳಿ, ಎರಡು ವಾರದಿಂದ ನುಂಗಿಕೊಂಡಿದ್ದನ್ನೂ ಕೇಳಿಯೇಬಿಟ್ಟರು.

"ಈ ಚೌಕ ತುಂಬೋಕೆ ದಿನಾ ಒಬ್ರು ಬೇಕಲ್ಲಪ್ಪ, ಅನೀಸ್. ನೀನಿರ್ತೀಯಾ?"

ಅನೀಸ್ ವರ್ನಿಯರ್ ಒರೆಸಿ ಜೇಬಿಗಿಟ್ಟುಕೊಂಡು ಮನೆಗೆ ಹೊರಟ.

ಮರುದಿನ ಮುನಿವೆಂಕಟಪ್ಪ ಬರುವಷ್ಟರಲ್ಲಿ ಷೆಡ್ಡಿನ ಬಾಗಿಲು ತೆರೆದಿತ್ತು. ಅವರ ಕಣ್ಣು ಮೊದಲು ಹೋದದ್ದು ಗೋಡೆಯತ್ತ. ಎಣಿಸಿದರು. ಹನ್ನೊಂದೂ ಇದ್ದವು. ಉಸ್ಸಪ್ಪಾ ಎಂದು ಅಲ್ಲೇ ಹಲಗೆಗಳ ಅಟ್ಟಿಯ ಮೇಲೆ ಕೂತುಬಿಟ್ಟರು. ಕಣ್ಣು ತುಂಬಿ ಬಂತು.

"ಮೇಲೆ ಏಳಣ್ಣ, ಅದು ಹೊಸ ಲೋಡು," ಎಂದ ಅನೀಸ್, ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಳ್ಳುತ್ತ. "ಅಳ್ದಿದೀನಿ. ಇವತ್ತು ಹದಿನೇಳೂವರೆ."