ಚಪ್ಪಟೆ ಬೆಳಕು

ಹೆಂಡತಿ ತೀರಿಕೊಂಡ ದಿನ ಅಫಜಲಪುರದ ಸ್ಟುಡಿಯೋದವನನ್ನು ನಾನೇ ಬಾಗಿಲಿನಿಂದ ವಾಪಸ್ಸು ಕಳಿಸಿದೆ. ನಮ್ಮ ಕಡೆ ಸತ್ತವರನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಮಣ್ಣಿಗೆ ಒಯ್ಯುವ ಮುಂಚೆ ಒಂದು ಫೋಟೋ ತೆಗೆಸುವುದುಂಟು. ಯಾರೋ ಹೇಳಿಕಳಿಸಿದ್ದರು, ಅವನು ಕ್ಯಾಮೆರಾ ಮತ್ತು ಫ್ಲ್ಯಾಶ್ ಹೆಗಲಿಗೆ ಹಾಕಿಕೊಂಡು ಬಂದು ನಿಂತಿದ್ದ.

"ಒಂದ್ ಫೋಟೋ ಹೊಡಿಸಿಬಿಡ್ರಿ ಮಾಸ್ತರ. ಕೂಸು ಸಣ್ಣದದ. ನಾಳಿ ತೋರ್ಸಾಕ ಬೇಕಾಗ್ತದ," ಎಂದರು ಓಣಿಯ ಹಿರಿಯರೊಬ್ಬರು.

"ಬ್ಯಾಡ್ರಿ. ಆಕಿ ಫೋಟೋ ನನ್ನ ಹತ್ರ ರಗಡ ಅವ," ಎಂದೆ.

ಆ ದುಃಖದಲ್ಲೂ ನನಗೆ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಹೆಂಡತಿ ತನ್ನ ಕೊನೆಯ ಫೋಟೋದಲ್ಲಿ ಇವನ ಫ್ಲ್ಯಾಶ್ ಬೆಳಕಿನಲ್ಲಿ, ಗೋಡೆಯ ಮೇಲೆ ಕರಿ ನೆರಳು ಬಿದ್ದು, ಕಣ್ಣು ಮುಚ್ಚಿಕೊಂಡು ಕೂತಿರಬೇಕೇ ಎಂದುಕೊಂಡೆ. ಎಂಟು ವರ್ಷ ಫೋಟೋ ತೆಗೆದವನು ನಾನು. ಪೆಟ್ಟಿಗೆ ತುಂಬ ಪ್ರಿಂಟು, ನೆಗೆಟಿವ್ ಇದ್ದವು. ಸ್ಟುಡಿಯೋದವನು ನನ್ನ ಮುಖ ನೋಡಿದ, ಹೆಣದ ಕಡೆ ಕೈಮುಗಿದ, ಹೊರಟುಹೋದ.

ಮೂರನೆಯ ದಿನ ಆ ಪೆಟ್ಟಿಗೆ ತೆಗೆದೆ. ಹನ್ನೊಂದನೆಯ ದಿನ ಶಿವಗಣಾರಾಧನೆ. ಅಷ್ಟರಲ್ಲಿ ಒಂದು ಒಳ್ಳೆಯ ಫೋಟೋ ಆರಿಸಿ, ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಬೇಕಿತ್ತು. ಪ್ರಿಂಟುಗಳನ್ನು ಒಂದೊಂದೇ ನೆಲದ ಮೇಲೆ ಹರಡುತ್ತ ಹೋದೆ. ಕಿಟಕಿಯ ಮುಂದೆ ನಿಂತ ಹೆಂಗಸು, ಮುಖ ಪೂರಾ ಕಪ್ಪು. ಭೀಮಾ ನದಿಯ ದಂಡೆಯಲ್ಲಿ ಕೊಡ ಹೊತ್ತು ನಡೆಯುವ ಹೆಂಗಸು, ಬೆನ್ನು ಮಾತ್ರ. ಜೋಳ ಹಸನು ಮಾಡುವಾಗ ಧೂಳಿನಲ್ಲಿ ಮರೆಯಾದ ತಲೆ. ಕಾಲುಂಗುರ. ನೆರಳು. ಸೆರಗು. ಎಲ್ಲವೂ ಅವಳೇ. ಒಂದರಲ್ಲೂ ಅವಳ ಮುಖ ಇರಲಿಲ್ಲ. ಎರಡು ಸಲ, ಮೂರು ಸಲ ಹುಡುಕಿದೆ. ಪಕ್ಕದಲ್ಲಿ ಎರಡೂವರೆ ವರ್ಷದ ಮಗಳು ಪ್ರಿಂಟುಗಳ ನಡುವೆ ಓಡಾಡುತ್ತ ಆಡುತ್ತಿದ್ದಳು.

ಇದು ಹೇಗಾಯಿತು ಎಂದು ಹೇಳಬೇಕಾದರೆ ನಮ್ಮ ಮೂವರು ಗೆಳೆಯರ ಫೋಟೋ ಹುಚ್ಚಿನ ಬಗ್ಗೆ ಹೇಳಬೇಕು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಆಳಂದದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಒಬ್ಬರಿದ್ದರು, ನನಗಿಂತ ಹದಿನೈದು ವರ್ಷ ದೊಡ್ಡವರು, ಅವರನ್ನು ಚಾಚಾ ಅನ್ನುತ್ತಿದ್ದೆವು. ಮೂರನೆಯವನು ಜೇವರ್ಗಿಯಲ್ಲಿ ಒಬ್ಬ ಡಾಕ್ಟರರ ಹತ್ತಿರ ಕಂಪೌಂಡರ್, ನನ್ನ ವಾರಿಗೆಯವನು. ಅವನು ತನ್ನ ಬಚ್ಚಲುಮನೆಯ ಕಿಟಕಿಗೆ ಕಪ್ಪು ಕಾಗದ ಬಡಿದು, ಹಳೆಯ ಎನ್‌ಲಾರ್ಜರ್ ಒಂದನ್ನು ಇಟ್ಟುಕೊಂಡು, ಮೂವರ ಪ್ರಿಂಟುಗಳನ್ನೂ ಅಲ್ಲೇ ಮಾಡುತ್ತಿದ್ದ. ಮನೆಯವರು ಸ್ನಾನಕ್ಕೆ ಹಿತ್ತಲಲ್ಲಿ ತಟ್ಟಿ ಕಟ್ಟಿಕೊಂಡಿದ್ದರು.

ತಿಂಗಳಿಗೊಂದು ಭಾನುವಾರ ಸರದಿಯಂತೆ ಒಬ್ಬೊಬ್ಬರ ಊರಿನಲ್ಲಿ ಸೇರುತ್ತಿದ್ದೆವು. ಬಸ್ಸು ಬದಲಿಸಿ, ಕಿಟಕಿಯ ಧೂಳು ಕುಡಿದು, ಪ್ರಿಂಟುಗಳನ್ನು ನೋಟುಬುಕ್ಕಿನೊಳಗೆ ಮಡಚದಂತೆ ಇಟ್ಟುಕೊಂಡು ಹೋಗುವುದು. ಕೂತ ಕೂಡಲೇ ಪ್ರಿಂಟನ್ನು ತಲೆಕೆಳಗು ಮಾಡಿ ಚಾಪೆಯ ಮೇಲೆ ಇಡಬೇಕು. ಹಾಗೆ ಇಟ್ಟರೆ ಯಾರು, ಏನು ಎಂಬುದು ಮರೆತು ಬರೀ ಬೆಳಕು, ನೆರಳು, ತೂಕ ಕಾಣುತ್ತದೆ ಎಂದು ಚಾಚಾ ಹೇಳುತ್ತಿದ್ದರು. ಫೋಟೋ ತೆಗೆದವನು ಪಿಟ್ಟೆನ್ನಬಾರದು. ಉಳಿದ ಇಬ್ಬರು ರಟ್ಟಿನ ಎರಡು ಪಟ್ಟಿಗಳನ್ನು ಅದರ ಮೇಲೆ ಸರಿಸುತ್ತ, ಬೇಡವಾದದ್ದನ್ನು ಮುಚ್ಚುತ್ತ ಹೋಗುತ್ತಿದ್ದರು. ಇಬ್ಬರೂ ಬೇಡ ಎಂದ ಫೋಟೋದ ನೆಗೆಟಿವ್ ಅನ್ನು ತೆಗೆದವನೇ ಅಲ್ಲೇ ಕತ್ತರಿಸಿ ಹಾಕಬೇಕು. ಇಲ್ಲದಿದ್ದರೆ ಮತ್ತೆ ಅದರ ಮೇಲೆ ಮೋಹ ಬರುತ್ತದೆ. ಈ ಕೊನೆಯ ನಿಯಮ ತಂದವನು ನಾನೇ.

ನಮಗೆ ಸ್ಟುಡಿಯೋ ಕಂಡರೆ ಆಗುತ್ತಿರಲಿಲ್ಲ. ಎದುರಿನಿಂದ ಬೆಳಕು ಬಿಟ್ಟು, ನೆಟ್ಟಗೆ ನಿಲ್ಲಿಸಿ, ಕ್ಯಾಮೆರಾ ನೋಡಿಸಿ ತೆಗೆದದ್ದನ್ನು ನಾವು 'ಚಪ್ಪಟೆ' ಅನ್ನುತ್ತಿದ್ದೆವು. ಅದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿರಲಿಲ್ಲ. ಬೆಳಕು ಪಕ್ಕದಿಂದ ಬರಬೇಕು, ಇಲ್ಲವೇ ಬೆನ್ನ ಹಿಂದಿನಿಂದ. ಕ್ಯಾಮೆರಾ ಇದೆ ಎಂಬುದು ಚಿತ್ರದಲ್ಲಿದ್ದವರಿಗೆ ಗೊತ್ತೇ ಇರಬಾರದು. ಹೀಗಾಗಿ ಎಂಟು ವರ್ಷ ನನ್ನ ಹೆಂಡತಿಗೆ ನಾನು ಹೇಳಿದ ಮಾತು ಒಂದೇ: "ಈಕಡಿ ನೋಡಬ್ಯಾಡ." ಅವಳಿಗೆ ನೋಡುವ ಆಸೆ. ಕ್ಯಾಮೆರಾ ಎತ್ತಿದ ಕೂಡಲೇ ಸೆರಗು ಸರಿಮಾಡಿಕೊಂಡು, ಕುಂಕುಮ ಮುಟ್ಟಿ ನೋಡಿಕೊಂಡು ನನ್ನ ಕಡೆ ತಿರುಗುತ್ತಿದ್ದಳು. ನಾನು ರೇಗುತ್ತಿದ್ದೆ. ಅವಳು ಮತ್ತೆ ಗೋಡೆಯ ಕಡೆಗೋ ಒಲೆಯ ಕಡೆಗೋ ತಿರುಗಿಕೊಳ್ಳುತ್ತಿದ್ದಳು.

ಒಂದೇ ಒಂದು ಸಲ ಅವಳು ಗೆದ್ದಳು. ಪಡಸಾಲೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ನಾನು ಅವಳ ಕೈ ನೋಡುತ್ತ ಶಟರ್ ಒತ್ತುವುದಕ್ಕೂ ಅವಳು "ರೀ, ರೊಟ್ಟಿ ಆರಾಕತ್ತಾವ, ಬರ್ರಿ," ಎಂದು ನಗುತ್ತ ಮುಖ ಎತ್ತುವುದಕ್ಕೂ ಸರಿಹೋಯಿತು. ಆ ಫೋಟೋ ಆ ತಿಂಗಳ ಚಾಪೆಯ ಮೇಲೆ ಬಿತ್ತು, ತಲೆಕೆಳಗಾಗಿ. ಚಾಚಾ ಕನ್ನಡಕದ ಮೇಲೆ ಗಡಿಯಾರದ ಮಸೂರ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಮಾಸ್ತರ, ಮಾರಿ ಮ್ಯಾಲ ಬೆಳಕು ಚಪ್ಪಟಿ ಆಗ್ಯಾದ. ಮೂಗಿಗಿ ನೆರಳೇ ಇಲ್ಲ. ಮತ್ತ ಆ ಬಾಗಿಲ ಚೌಕಟ್ಟು ತಲಿ ಮ್ಯಾಲ ಕೊಂಬು ಬಂದಂಗ ಕಾಣಸ್ತದ," ಎಂದರು.

ಕಂಪೌಂಡರ್ ರಟ್ಟಿನ ಪಟ್ಟಿ ಸರಿಸಿ ಮುಖ ಮುಚ್ಚಿದ. ರೊಟ್ಟಿ ತಟ್ಟುವ ಕೊಣಮಿಗೆಯ ಮೇಲೆ ಹಿಟ್ಟು ಮೆತ್ತಿದ ಎರಡು ಕೈ, ಅರ್ಧ ಚಂದ್ರನಷ್ಟು ರೊಟ್ಟಿ ಉಳಿಯಿತು. "ಇಷ್ಟ ಇಡ್ರಿ. ಇದು ಚಿತ್ರ. ಮ್ಯಾಲಿಂದು ಸ್ಟುಡಿಯೋ," ಎಂದ. ಮೂವರೂ ನಕ್ಕೆವು. ಪ್ರಿಂಟನ್ನು ಅಷ್ಟಕ್ಕೆ ಕತ್ತರಿಸಿದೆವು. ನೆಗೆಟಿವ್‌ನ ಮೇಲುಭಾಗವನ್ನು, ನಿಯಮದ ಪ್ರಕಾರ, ನಾನೇ ಕತ್ತರಿಸಿದೆ. ಸಣ್ಣ ಚೂರು. ಪ್ರಿಂಟಿನ ತುಂಡಿನ ಜೊತೆ ಚಾಚಾರ ಅಂಗಡಿಯ ಕಸದ ಡಬ್ಬಿಗೆ ಹೋಯಿತು. ಆ ಕೈಗಳಿಗೆ ಕಲಬುರಗಿಯ ಒಂದು ಸ್ಪರ್ಧೆಯಲ್ಲಿ ಮೂರನೆಯ ಬಹುಮಾನ ಬಂತು, ಗೋಡೆಗೆ ಹಾಕಿದೆ. ಹೆಂಡತಿ ಅದರ ಮುಂದೆ ನಿಂತು, "ಮಾರಿ ಎಲ್ಲಿ ಹೋತ್ರಿ? ಅವತ್ತು ನಾ ನಕ್ಕಿದ್ನಲ್ಲ?" ಎಂದು ಕೇಳಿದಳು. ಅದು ನಿನಗೆ ತಿಳಿಯುವ ವಿಷಯವಲ್ಲ ಎಂಬಂತೆ ಏನೋ ಹೇಳಿದೆ. ಈಗ ಆ ಮಾತು ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಅದಾದ ಎರಡು ವರ್ಷಕ್ಕೆ ಅವಳಿಗೆ ಕಾಮಾಲೆ ಬಂತು. ಕಣ್ಣು ಹಳದಿಯಾದದ್ದು ಕಂಡ ಒಂಬತ್ತು ದಿನಕ್ಕೆ ಮುಗಿದೇಹೋಯಿತು.

ಪೆಟ್ಟಿಗೆ ತೆಗೆದ ಮರುದಿನ ಬೆಳಿಗ್ಗೆ ಅವಳ ತವರೂರು ಕಿಣ್ಣಿ ಸುಲ್ತಾನಕ್ಕೆ ಹೋದೆ. ಮದುವೆಯ ಫೋಟೋ ಇತ್ತು, ಒಂದೇ. ಅದರಲ್ಲಿ ಹಣೆಗೆ ಬಾಸಿಂಗ, ಮೂಗಿನವರೆಗೆ ಸೆರಗು, ಮದುಮಗಳು ತಲೆ ಎತ್ತಬಾರದೆಂದು ಎದೆಗೆ ಗದ್ದ ಒತ್ತಿಕೊಂಡು ಕೂತಿದ್ದಳು. ಬೇರೆ ಯಾವುದಾದರೂ ಇದೆಯೇ ಎಂದು ಅತ್ತೆಯನ್ನು ಕೇಳಿದೆ. ಅವರು ಅಳುವುದನ್ನೂ ನಿಲ್ಲಿಸಿ ನನ್ನನ್ನು ನೋಡಿದರು.

"ನಮ್ಮನ್ನ ಕೇಳ್ತೀರೇನ್ರಿ? ಅಳಿಯಾನೇ ಫೋಟೋ ತಗೀತಾನಂತ ನಾವು ಎಂದೂ ಸ್ಟುಡಿಯೋಕ್ಕ ಕರ್ಕೊಂಡು ಹೋಗ್ಲಿಲ್ಲ. ಜಾತ್ರ್ಯಾಗ ತಗಸೋಣ ಅಂದ್ರ ಆಕಿನೇ ಬ್ಯಾಡಂದ್ಳು. ಅವರಿಗಿ ಸೇರೂದಿಲ್ಲ ಅಂದ್ಳು."

ಅಲ್ಲಿಂದ ನೇರ ಆಳಂದಕ್ಕೆ ಹೋದೆ. ಚಾಚಾ ಅಂಗಡಿಯ ಬಾಗಿಲು ಅರ್ಧ ಎಳೆದು, ತಮ್ಮ ನೆಗೆಟಿವ್‌ಗಳ ಡಬ್ಬಿಗಳನ್ನೆಲ್ಲ ಮುಂದೆ ಸುರುವಿದರು. ಎಷ್ಟೋ ಸಲ ನನ್ನ ಮನೆಯಲ್ಲಿ ಉಂಡವರು, ನನ್ನ ಮನೆಯ ಬೆಕ್ಕಿನ ಫೋಟೋ ಕೂಡ ಅವರ ಹತ್ತಿರ ಇತ್ತು. ಅವಳದು ಒಂದೂ ಇರಲಿಲ್ಲ. "ಮಂದಿ ಮನಿ ಹೆಣಮಗಳು, ಆಕಿ ಕಡಿ ಕ್ಯಾಮೆರಾ ಹೆಂಗ ಹಿಡೀಬೇಕಂತ ಬಿಟ್ಟೆ ಮಾಸ್ತರ. ಅದಬ್, ಮರ್ಯಾದಿ ಅಂತ ಬಿಟ್ಟೆ," ಎಂದರು. ಆಮೇಲೆ ಮೂಲೆಯ ಕಸದ ಡಬ್ಬಿಯನ್ನು ತಾವೇ ಎಳೆದು ತಂದು, ಗಡಿಯಾರದ ಸ್ಪ್ರಿಂಗು, ಬೀಡಿ ತುಂಡುಗಳ ನಡುವೆ ಬೆರಳಾಡಿಸತೊಡಗಿದರು. ಆ ಚೂರು ಬಿದ್ದು ಎರಡು ವರ್ಷವಾಗಿತ್ತು. ಅದು ಅವರಿಗೂ ಗೊತ್ತು, ನನಗೂ ಗೊತ್ತು. ನಾನೂ ಕೂತು ಹುಡುಕಿದೆ. ಕೊನೆಗೆ ಅವರು ಕೈ ಒರೆಸಿಕೊಂಡು, "ಚಪ್ಪಟಿ ಅಂದಾಂವ ನಾನೇ ಅಲ್ಲೇನ್ರಿ," ಎಂದು ಅತ್ತರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ಹೋಗಿದ್ದೆ, ಆಗಲಿಲ್ಲ.

ಉಳಿದದ್ದು ಒಂದೇ ದಾರಿ. ಆ ಕಪ್ಪು ಮುಖಗಳೊಳಗೆ ಏನಾದರೂ ಉಳಿದಿರಬಹುದು ಎಂಬ ಆಸೆ. ನೆರಳು ಬಿದ್ದ ಜಾಗ ನೆಗೆಟಿವ್‌ನಲ್ಲಿ ಗಾಜಿನಂತೆ ತಿಳಿಯಾಗಿರುತ್ತದೆ, ಅಲ್ಲಿ ಏನೂ ದಾಖಲಾಗಿರುವುದಿಲ್ಲ. ಮಕ್ಕಳಿಗೆ ಪಾಠ ಹೇಳುವ ನನಗೆ ಇದು ಗೊತ್ತಿರಲಿಲ್ಲವೇ? ಆದರೂ ಊರಿನಿಂದ ನೆಗೆಟಿವ್‌ಗಳನ್ನು ತಂದುಕೊಂಡು ನಾನೂ ಚಾಚಾರೂ ಜೇವರ್ಗಿಗೆ ಹೋದೆವು. ಆರಾಧನೆಗೆ ನಾಲ್ಕು ದಿನ ಉಳಿದಿತ್ತು. ಕಂಪೌಂಡರ್ ಅವತ್ತು ದವಾಖಾನೆಗೆ ಹೋಗಲಿಲ್ಲ. ಕಿಟಕಿಯ ಮುಂದೆ ನಿಂತ ಆ ಚಿತ್ರವನ್ನು ಎನ್‌ಲಾರ್ಜರಿಗೆ ಹಾಕಿ, ಬೆಳಕು ಕಡಿಮೆ ಮಾಡುತ್ತ, ಇನ್ನೂ ಕಡಿಮೆ ಮಾಡುತ್ತ ಪ್ರಿಂಟು ತೆಗೆದ. ಮುಖ ಕಪ್ಪಿನಿಂದ ಬೂದಿ ಬಣ್ಣಕ್ಕೆ ಬಂತು. ಬೂದಿಯಿಂದ ಬಿಳಿಗೆ ಹೋಯಿತು. ನಡುವೆ ಎಲ್ಲೂ ಕಣ್ಣಿಲ್ಲ, ಬಾಯಿಲ್ಲ. ಕೆಂಪು ದೀಪದಲ್ಲಿ ಮೂವರೂ ಪ್ರಿಂಟು ಮುಳುಗಿಸಿದ ಔಷಧಿಯ ತಟ್ಟೆಯ ಮೇಲೆ ಬಗ್ಗಿ, ಈಗ ಬಂದೀತು, ಈಗ ಬಂದೀತು ಎಂದು ಉಸಿರು ಹಿಡಿದು ನೋಡುತ್ತಿದ್ದೆವು. ಹತ್ತೋ ಹನ್ನೆರಡೋ ಕಾಗದ ಆಗಿರಬೇಕು.

ಆಗ ಕಂಪೌಂಡರ್, ಅಭ್ಯಾಸ ನೋಡಿ, ಒಂದು ಪ್ರಿಂಟನ್ನು ಇಕ್ಕಳದಿಂದ ಎತ್ತಿ ಹಿಡಿದು, "ಗಲ್ಲದ ಅಂಚಿನ ಬೆಳಕು ಮಾತ್ರ ಭಾಳ ಛಲೋ ಬಂದದ ನೋಡ್ರಿ," ಎಂದ.

ಅಂದ ಮೇಲೆ ಅವನಿಗೇ ತಿಳಿಯಿತು. ಅಷ್ಟರಲ್ಲಿ ನಾನು ತಟ್ಟೆಯನ್ನು ಎತ್ತಿ ಗೋಡೆಗೆ ಎಸೆದಿದ್ದೆ. ಔಷಧಿಯ ನೀರು ಮೂವರ ಮೈಮೇಲೂ ಬಿತ್ತು. "ಬೆಳಕು ತಗೊಂಡು ಏನ್ಮಾಡ್ಲೋ? ನನಗ ಆಕಿ ಮಾರಿ ಬೇಕಲೇ!" ಎಂದು ಒದರಿದೆ. ಹೊರಗೆ ಅವನ ತಾಯಿ ಬಾಗಿಲು ಬಡಿದು ಏನಾಯಿತೆಂದು ಕೇಳುತ್ತಿದ್ದರು.

ಹನ್ನೊಂದನೆಯ ದಿನ ಮಣೆಯ ಮೇಲೆ ಅವಳ ಒಂದು ಇಳಕಲ್ ಸೀರೆ ಮಡಚಿ ಇಟ್ಟು ಹಾರ ಹಾಕಿದರು. ಬಂದ ಜನ ಮೊದಲು ಮಣೆ ನೋಡುತ್ತಿದ್ದರು, ಆಮೇಲೆ ನನ್ನನ್ನು ನೋಡುತ್ತಿದ್ದರು. ಫೋಟೋ ಮಾಸ್ತರನ ಮನೆಯಲ್ಲಿ ಫೋಟೋ ಇಲ್ಲವಂತೆ ಎಂದು ಊಟದ ಪಂಕ್ತಿಯಲ್ಲಿ ಒಬ್ಬರು ಮೆಲ್ಲಗೆ ಅಂದದ್ದು ಕಿವಿಗೆ ಬಿತ್ತು. ನಮ್ಮ ಭಾನುವಾರಗಳು ಅಲ್ಲಿಗೆ ನಿಂತವು. ಚಾಚಾ ಎರಡು ಸಲ ಕಾಗದ ಬರೆದರು, ನಾನು ಉತ್ತರ ಬರೆಯಲಿಲ್ಲ.

ಮುಖ ನನ್ನ ತಲೆಯಲ್ಲಾದರೂ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಮೊದಲ ವರ್ಷ ಇತ್ತು. ಕಣ್ಣು ಮುಚ್ಚಿದರೆ ಬರುತ್ತಿತ್ತು. ಆಮೇಲೆ ತುಂಡು ತುಂಡಾಗಿ ಬರತೊಡಗಿತು, ಹುಬ್ಬು ಬಂದರೆ ತುಟಿ ಇರುತ್ತಿರಲಿಲ್ಲ. ನಾನು ಕತ್ತರಿಸಿದ ಆ ಫೋಟೋದ ಬಗ್ಗೆ ಉಳಿದೆಲ್ಲ ಇವತ್ತಿಗೂ ನೆನಪಿದೆ. ಅಪರ್ಚರ್ ಎಂಟು, ಶಟರ್ ನೂರಿಪ್ಪತ್ತೈದು, ಅಂಗಳದ ಸುಣ್ಣದ ಗೋಡೆಗೆ ಬಡಿದು ಒಳಗೆ ಬಂದ ಬೆಳಕು, ತಲೆಯ ಮೇಲಿನ ಚೌಕಟ್ಟು. ನಡುವೆ ಅವಳು ಹೇಗೆ ನಕ್ಕಿದ್ದಳು ಎಂಬುದು ಮಾತ್ರ ಇಲ್ಲ. ಅಲ್ಲಿ ಏನೂ ಇಲ್ಲ.

ಮಗಳಿಗೆ ಹನ್ನೆರಡು ತುಂಬಿದ ವರ್ಷ. ಕಿಣ್ಣಿ ಸುಲ್ತಾನದ ಅವಳ ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು, ನನ್ನನ್ನು ಬಿಟ್ಟರೆ ಕೇಳಲು ಅವಳಿಗೆ ಯಾರೂ ಇರಲಿಲ್ಲ. ಒಂದು ಮುಂಜಾನೆ ಶಾಲೆಗೆ ಜಡೆ ಹಾಕಿಕೊಳ್ಳುತ್ತಿದ್ದವಳು ಎದ್ದು ಬಂದು ನನ್ನ ಮುಂದೆ ನಿಂತಳು.

"ಅಪ್ಪಾ, ನಾ ನಕ್ಕರ ಗಲ್ಲದಾಗ ಕುಳಿ ಬೀಳ್ತದಲ್ಲ, ಅವ್ವಗೂ ಹಿಂಗೇ ಬೀಳ್ತಿತ್ತೇನು?"

ನಾನು ಹುಡುಕಿದೆ. ದೇವರಾಣೆ, ಇದ್ದಷ್ಟೂ ಶಕ್ತಿ ಹಾಕಿ ಹುಡುಕಿದೆ. ಸಿಗಲಿಲ್ಲ.

"ಹೌದವ್ವಾ, ಥೇಟ್ ಹಿಂಗೇ," ಎಂದೆ.

ಅವಳು ಒಳಗೆ ಓಡಿದಳು. ಕನ್ನಡಿಯ ಮುಂದೆ ನಿಂತು, ಅರ್ಧ ಹಾಕಿದ ಜಡೆ ಕೈಯಲ್ಲಿ ಹಿಡಿದುಕೊಂಡು, ತಾಯಿಯನ್ನು ನೋಡಲು ನಗತೊಡಗಿದಳು.