ಏಳು ಎಂದಾಗ

ಮೊದಲು ಕೇಳಿಸಿದ್ದು ಎಣಿಕೆ. ಜೇವರ್ಗಿಯ ನಮ್ಮ ಮನೆಯಂಗಳದಲ್ಲಿ ಬಾಕ್ಸಿಂಗ್ ಅಭ್ಯಾಸಕ್ಕೆ ಹಗ್ಗ ಜಿಗಿಯುತ್ತಿದ್ದೆ. ಬೆನ್ನ ಹಿಂದೆ ಯಾರೋ ಗಂಡಸು ಒಂದು, ಎರಡು, ಮೂರು ಎಂದ. ತಿರುಗಿದೆ.

ಯಾರೂ ಇರಲಿಲ್ಲ.

ಬಾಕ್ಸಿಂಗ್‌ನಲ್ಲಿ ಬಿದ್ದವಳ ಮುಂದೆ ರೆಫ್ರಿ ಹತ್ತರವರೆಗೆ ಇಂಗ್ಲಿಷಿನಲ್ಲಿ ಎಣಿಸುತ್ತಾನೆ. ಇವನದು ಕನ್ನಡ. ಏಳು ಎಂದರೆ ಅದು ಲೆಕ್ಕವೋ ಅಪ್ಪಣೆಯೋ ತಿಳಿಯದೆ ಎದ್ದು ನಿಲ್ಲುತ್ತಿದ್ದೆ. ಬಸ್ಸಿನಲ್ಲಿ. ಎಂ.ಎ. ಪರೀಕ್ಷೆಯ ನಡುವೆ.

ಭುಜದ ನೋವಿಗೆಂದು ಹಿಂದೆ ಊರ ಡಾಕ್ಟರ್ ಕೊಟ್ಟಿದ್ದ ಗುಳಿಗೆ ನುಂಗಿದರೆ ಆ ದನಿ ದೂರವಾಗುತ್ತಿತ್ತು. ಎರಡು ನುಂಗಿದರೆ ಇನ್ನೂ ದೂರ. ನೋವು ಹೋದ ಮೇಲೂ ನುಂಗಿದೆ. ಕೈಗೆ ಸುತ್ತುವ ಪಟ್ಟಿಯ ಸುರುಳಿಯೊಳಗೆ ಬಚ್ಚಿಟ್ಟೆ. ಗುಳಿಗೆಯಿಲ್ಲದೆ ದಿನ ಕಳೆಯದಾದಾಗ ಹೆದರಿ, ಇದ್ದಷ್ಟು ಮುಗಿದ ಮೇಲೆ ಮತ್ತೆ ತರದೆ ಬಿಟ್ಟುಬಿಡಬೇಕೆಂದುಕೊಂಡೆ. ಆದರೆ ಅವು ಮುಗಿಯುತ್ತಲೇ ಇರಲಿಲ್ಲ. ನಾನೇ ತಂದು ಮರೆಯುತ್ತಿದ್ದೇನೆಯೇ? ದನಿಗಿಂತ ಆ ಅನುಮಾನವೇ ನನ್ನನ್ನು ಹೆಚ್ಚು ಹೆದರಿಸಿತು.

ಒಂದು ಮಧ್ಯಾಹ್ನ ಪಟ್ಟಿ ಬಿಚ್ಚಿದೆ. ಹೊಸ ಸ್ಟ್ರಿಪ್.

"ಪಟ್ಟಿ ಒಗ್ಯಾಕ ಬಿಚ್ಚಿದ್ದೆ," ಎಂದಳು ಅವ್ವ ಒಲೆಯ ಮುಂದಿನಿಂದ. "ಗುಳಿಗಿ ತೀರಿದ್ವಲ್ಲ, ಅದರ ಖಾಲಿ ಕಾಗದ ಔಷಧಿ ಅಂಗಡ್ಯಾಗ ತೋರ್ಸಿ ನಾನೇ ತಂದಿಟ್ಟೀನಿ. ಇದು ಮೂರ್ನೇ ಸಲ. ನೋವಂತ ಹೇಳಾಕ ಅವ್ವನ ಮುಂದ ಏನ್ ನಾಚ್ಕಿ ಬೇ?"

ಸ್ಟ್ರಿಪ್ಪನ್ನು ಮತ್ತೆ ಪಟ್ಟಿಯೊಳಗೆ ಸುತ್ತಿಟ್ಟೆ. ಮರುದಿನ ಎದ್ದು ನಿಲ್ಲಲು ಹೋಗಿ ಬಿದ್ದೆ. ಅವ್ವ ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ದಳು.

"ಈ ಗುಳಿಗಿ ಯಾರು ತಂದುಕೊಡ್ತಾರ?" ಎಂದು ಡಾಕ್ಟರ್ ಕೇಳಿದರು.

"ನಾನೇರಿ," ಎಂದಳು ಅವ್ವ, ಹೆಮ್ಮೆಯಿಂದ. "ಮಗಳು ಬಾಕ್ಸರ್ ಅದಾಳ್ರಿ."

"ಅವ್ವಗ ಗೊತ್ತಿಲ್ರಿ," ಎಂದೆ. ನಂತರ ಎಲ್ಲವನ್ನೂ ಹೇಳಿದೆ. ಎಣಿಕೆಯನ್ನೂ.

ಅವ್ವ ನನ್ನನ್ನು ನೋಡಲಿಲ್ಲ. "ಹಂಗಾದ್ರ ನಾ ತಂದಿದ್ದು ವಿಷ ಏನ್ರಿ?"

ಅಡ್ಮಿಟ್ ಮಾಡಿಕೊಂಡರು. ಗುಳಿಗೆ ಬಿಡಿಸಿದ ಆ ವಿತ್‌ಡ್ರಾಯಲ್‌ನ ದಿನಗಳು ತುಂಡುತುಂಡಾಗಿ ನೆನಪಿವೆ: ಬೆವರು, ವಾಂತಿ, ಮೂಳೆಯೊಳಗಿನ ಚಳಿ, ನನ್ನ ಪಾದ ಹಿಡಿದು ಕುಳಿತ ಅವ್ವ. ದನಿಗೆ ಬೇರೆ ಔಷಧ ಶುರುವಾಯಿತು. ಪೂರ್ತಿ ಹೋಗುತ್ತದೆಂದು ಡಾಕ್ಟರ್ ಮಾತು ಕೊಡಲಿಲ್ಲ. ಸುಳ್ಳು ಹೇಳದಿದ್ದುದಕ್ಕೆ ಅವರಿಗೆ ಋಣಿ.

ಡಿಸ್ಚಾರ್ಜ್ ಆಗಿ ಬಂದಿದ್ದೇವೆ. ಅವ್ವ ಈಗ ಪಟ್ಟಿಯನ್ನು ಕೊನೆಯ ಗೇಣಿನವರೆಗೂ ಬಿಚ್ಚಿ, ಬೆರಳಾಡಿಸಿ ನೋಡಿಯೇ ಒಗೆಯುತ್ತಾಳೆ. ನನ್ನ ಮುಂದೆಯೇ. ನಾನು ಬೇಡ ಎನ್ನುವುದಿಲ್ಲ.

ನಿನ್ನೆ ಊಟಕ್ಕೆ ಕುಳಿತಾಗ ಕೇಳಿದಳು, ಪಕ್ಕದ ಮನೆಯವನ ಸುದ್ದಿ ಕೇಳುವಂತೆ:

"ಬಂದಿದ್ನೇನು, ಆ ಎಣಿಸಾವ?"

"ಈಗ ಬಂದಾನ. ಆರಕ್ಕ ನಿಂತಾನ."

"ದಣಿದಿರಬೇಕು ತಗೋ. ನೀ ಉಣ್ಣು."

ಏಳು ಎಂದ.

ರೊಟ್ಟಿ ಮುರಿದೆ. ಕುಳಿತೇ ಇದ್ದೆ.