ಕೆಂಪಿಯ ಬಾಣಂತನ

ಬಿಳಿಗೆರೆ ಸುತ್ತಿನ ಊರುಗಳಲ್ಲಿ ಮಗು ಹುಟ್ಟಿತು ಅಂದರೆ ಸುದ್ದಿ ಮೊದಲು ಹೋಗುವುದು ಅಪ್ಪನಿಗೆ, ಆಮೇಲೆ ಗುರುಸಿದ್ದಮ್ಮನಿಗೆ. ಹೆರಿಗೆ ಈಗ ನಂಜನಗೂಡಿನ ಆಸ್ಪತ್ರೆಯಲ್ಲಿ ಆಗುತ್ತದೆ, ಅದರ ತಂಟೆಗೆ ಅವಳು ಹೋಗುವವಳಲ್ಲ. ಆದರೆ ಮನೆಗೆ ಬಂದ ಬಾಣಂತಿಗೆ ಹರಳೆಣ್ಣೆ ಹಚ್ಚಿ, ಲಕ್ಕಿಸೊಪ್ಪು ಹಾಕಿ ಕಾಯಿಸಿದ ಹಂಡೆ ನೀರನ್ನು ಚೆಂಬು ಚೆಂಬಾಗಿ ಸೊಂಟದ ಮೇಲೆ ಬೀಸಿ ಹೊಯ್ಯುವುದು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೈ ನೀವುವುದು, ಇದಕ್ಕೆಲ್ಲ ಅವಳೇ ಆಗಬೇಕು. ಅವಳ ಕೈಗುಣ ಅಂಥದು ಎಂದು ಜನ ಹೇಳುತ್ತಾರೆ. ಹೆಂಗಸರ ಹೊಟ್ಟೆ ಮುಟ್ಟಿ ಇಷ್ಟು ತಿಂಗಳು ಅನ್ನುತ್ತಿದ್ದಳು, ತಪ್ಪುತ್ತಿರಲಿಲ್ಲ. ಈ ಹೊಗಳಿಕೆಯನ್ನೆಲ್ಲ ಗುರುಸಿದ್ದಮ್ಮ ಕೇಳಿಸಿಕೊಳ್ಳದವಳಂತೆ ಕೇಳಿಸಿಕೊಳ್ಳುತ್ತಿದ್ದಳು. ಹೊಗಳಿದರೆ ಬೇಡ ಅನ್ನುವವರು ಯಾರಿದ್ದಾರೆ?

ಅವಳ ನಾಯಿ ಕೆಂಪಿ. ಯಾವುದೋ ಬಾಣಂತಿ ಮನೆಯಿಂದ ಹಿಂದೆಯೇ ಬಂದದ್ದು, ಬಂದದ್ದೇ ಬಂತು, ಹೋಗಲಿಲ್ಲ. ವರ್ಷಕ್ಕೆ ಎರಡು ಸೂಲು ತಪ್ಪದೆ ಮರಿ ಹಾಕುತ್ತಿತ್ತು. ಹಿತ್ತಿಲಿನ ಹುಲ್ಲಿನ ಮೆದೆಯ ಹಿಂದೆ ಗುಂಡಿ ತೋಡಿ ಮರಿ ಹಾಕುವುದು, ಹಾಕಿದ ಮೇಲೆ ಮನೆಯೊಳಕ್ಕೆ ಬಂದು ಗುರುಸಿದ್ದಮ್ಮನ ಸೆರಗು ಕಚ್ಚಿ ಎಳೆಯುವುದು. ಅವಳು ಹೋಗಿ ನೋಡಬೇಕು. ನೋಡಿ, ಬೆಲ್ಲ ಹಾಕಿದ ರಾಗಿ ಅಂಬಲಿ ಬೆಚ್ಚಗೆ ಕಾಯಿಸಿ ತಂದಿಡಬೇಕು. "ಅಸುವಾಗ್ಲಿ, ನಾಯಾಗ್ಲಿ, ಬಾಣಂತಿ ಬಾಣಂತಿಯೇ ಕಣೆ" ಎಂದು ತಲಕಾಡು ಕಡೆಯ ಅವಳ ತವರಿನಲ್ಲಿ ತಾಯಿ ಸಣ್ಣತಾಯಮ್ಮ ಹೇಳುತ್ತಿದ್ದಳು. ಅಂಬಲಿ ನೆಕ್ಕಿ ಮುಗಿಸಿದ ಮೇಲಷ್ಟೇ ಕೆಂಪಿ ಮರಿಗಳಿಗೆ ಹಾಲು ಬಿಡುತ್ತಿತ್ತು.

ಗಂಡು ಮರಿಗಳಿಗೆ ಗಿರಾಕಿಗಳಿದ್ದರು. ತೋಟದ ಮನೆಗೊಂದು, ಕುರಿ ಕೊಟ್ಟಿಗೆಗೊಂದು. ಹೆಣ್ಣು ಮರಿ ಯಾರಿಗೆ ಬೇಕು? ಅವುಗಳನ್ನು ಮಗ ಶಿವು ಗೋಣಿಚೀಲಕ್ಕೆ ಹಾಕಿಕೊಂಡು ಬೈಕಿನಲ್ಲಿ ತಾಂಡವಪುರದ ರಸ್ತೆಗೆ ಹೋಗಿ, ಹೋಟೆಲುಗಳ ಹತ್ತಿರ ಬಿಟ್ಟು ಬರುತ್ತಿದ್ದ. "ಅಲ್ಲಿ ಅನ್ನ ಸಿಗ್ತದೆ ಕಣವ್ವ" ಅನ್ನುತ್ತಿದ್ದ. "ಊಂ ಕಣಪ್ಪ" ಅನ್ನುತ್ತಿದ್ದಳು ತಾಯಿ. ಆ ರಸ್ತೆಯಲ್ಲಿ ಎಂಥೆಂಥ ಲಾರಿಗಳು ಓಡುತ್ತವೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಕೆಂಪಿ ಮನೆಯ ಸುತ್ತ ಊಳಿಡುತ್ತ ತಿರುಗುತ್ತಿತ್ತು, ಕೆಚ್ಚಲು ಬಾತು ಕಲ್ಲಾಗುತ್ತಿತ್ತು. ಗುರುಸಿದ್ದಮ್ಮ ಅದನ್ನು ಮಲಗಿಸಿಕೊಂಡು ಹಾಲು ಹಿಂಡಿ ಮಣ್ಣಿಗೆ ಬಿಡುತ್ತಿದ್ದಳು. ಊರ ಮಕ್ಕಳನ್ನೆಲ್ಲ ಮೀಯಿಸಿದ ಕೈಯಲ್ಲಿ ಮಾಡುವ ಕೆಲಸವೇ ಇದು ಎಂದು ಅವಳಿಗೆ ಪ್ರತಿ ಸಲವೂ ಅನ್ನಿಸುತ್ತಿತ್ತು. ಅನ್ನಿಸಿ ಏನು ಬಂತು?

ಪಕ್ಕದ ಮನೆಯ ವನಜಾಕ್ಷಿಯದು ಇನ್ನೊಂದು ಕಾಟ. ಕಳೆದ ಸೂಲಿನಲ್ಲಿ ಅವಳ ಕೋಳಿಪಿಳ್ಳೆಗಳನ್ನು ಕೆಂಪಿಯ ಮರಿಗಳು ಹಿಡಿದವು ಎಂದು ಬೀದಿಯಲ್ಲಿ ನಿಂತು ಕೂಗಾಡಿದ್ದಳು. "ಇನ್ನೊಂದ್ ಕಿತ ಮರಿ ಆಕ್ಲಿ, ಅನ್ನದಲ್ಲಿ ಔಸ್ದಿ ಕಲ್ಸಿ ಇಕ್ಬುಡ್ತೀನಿ, ನೋಡ್ತಿರಕ್ಕ!" ಆ ಮಾತು ಗುರುಸಿದ್ದಮ್ಮನ ಹೊಟ್ಟೆಯೊಳಗೆ ಹಾಗೇ ಕೂತುಬಿಟ್ಟಿತ್ತು.

ಹೀಗಿರುವಾಗ ಊರಿಗೆ ನಾಯಿ ಆಪರೇಷನ್ ಕ್ಯಾಂಪ್ ಬಂತು. ಹಾಲಿನ ಡೈರಿಯ ಕೋಣೆಯಲ್ಲಿ ಮೇಜು ಹಾಕಿದರು. ನಂಜನಗೂಡಿನಿಂದ ಬಂದ ಡಾಕ್ಟರು ಮಧುಕುಮಾರ್, ಚಿಕ್ಕ ವಯಸ್ಸಿನವರು, ಮಾತಿನಲ್ಲಿ ಮರ್ಯಾದೆ ಇಟ್ಟುಕೊಂಡವರು. ಆಪರೇಷನ್ ಅಂದರೆ ನಮ್ಮ ಕಡೆ ಹೆಂಗಸರಿಗೆ ಒಂದೇ ಅರ್ಥ, ಮಕ್ಕಳು ಸಾಕು ಅನ್ನುವ ಆಪರೇಷನ್. ಗುರುಸಿದ್ದಮ್ಮನೂ ಹಿಂದೆ ನರಸೀಪುರದ ಆಸ್ಪತ್ರೆಯಲ್ಲಿ ಮಾಡಿಸಿಕೊಂಡವಳೇ. ನಾಯಿಗೂ ಅದೇ ಎಂದ ಮೇಲೆ ಹೆದರುವುದೇನು ಎಂದು ಕೆಂಪಿಯನ್ನು ಹಗ್ಗ ಹಾಕಿ ಕರೆದುಕೊಂಡು ಹೋದಳು. ಸೊಸೆ ಶಾಂತಿಯೂ ಜೊತೆಗಿದ್ದಳು.

ಕೆಂಪಿ ಡಾಕ್ಟರ ಕೈಯನ್ನು ಹೊಟ್ಟೆಗೆ ತಾಗಿಸಗೊಡಲಿಲ್ಲ. ಹಲ್ಲು ಕಿರಿದು ಗುರ್ ಎಂದಿತು.

"ಅಜ್ಜಿ, ಗಬ್ಬ ಏನಾದ್ರೂ ಇದ್ರೆ ಈಗಲೇ ಹೇಳಿಬಿಡಿ. ಕ್ಯಾಂಪಿನಲ್ಲಿ ನಾನು ಗಬ್ಬದ ನಾಯಿ ಮುಟ್ಟೋದಿಲ್ಲ. ಮರಿ ಹಾಕಿ, ಮರಿಗಳು ಹಾಲು ಕುಡಿಯೋದು ಬಿಟ್ಟ ಮೇಲೆ ನಂಜನಗೂಡಿಗೆ ಕರ್ಕೊಂಡು ಬನ್ನಿ, ನಾನೇ ಮಾಡಿಕೊಡ್ತೀನಿ" ಎಂದರು ಮಧುಕುಮಾರ್.

"ಅಕ್ಕನ ಕೈಯೇ ಸ್ಕ್ಯಾನಿಂಗು ಕಣ್ ಸಾ! ಅವ್ರೇ ಮುಟ್ಟಿ ಏಳ್ತಾರೆ ಬುಡಿ" ಎಂದು ಸಾಲಿನಲ್ಲಿ ನಿಂತಿದ್ದ ಯಾರೋ ನಕ್ಕರು.

ಗುರುಸಿದ್ದಮ್ಮ ಬಗ್ಗಿ ಕೆಂಪಿಯ ಹೊಟ್ಟೆಯ ಕೆಳಗೆ ಅಂಗೈ ಇಟ್ಟಳು. ಕೆಂಪಿ ಸುಮ್ಮನೆ ನಿಂತಿತು. ಕೈ ಇಟ್ಟ ಗಳಿಗೆಗೇ ಗೊತ್ತಾಯಿತು. ಸಾಲಾಗಿ, ನಿಂಬೆಹಣ್ಣಿನ ಹಾಗೆ, ಒಂದರ ಪಕ್ಕ ಒಂದು.

ಅವಳಿಗೆ ಗೋಣಿಚೀಲ ನೆನಪಾಯಿತು. ವನಜಾಕ್ಷಿಯ ಔಷಧಿ ಅನ್ನ ನೆನಪಾಯಿತು. ಮತ್ತೆ ಮಣ್ಣಿಗೆ ಹಿಂಡುವ ಹಾಲು, ಮತ್ತೆ ಆ ಊಳು. ಇಂದು ಬಿಟ್ಟರೆ ಶಿವು ಕೆಲಸ ಬಿಟ್ಟು ನಂಜನಗೂಡಿಗೆ ನಾಯಿ ಕರೆದೊಯ್ಯುವುದು ಕನಸಿನ ಮಾತು. ನಾಯಿಯ ಮೇಲಿನ ಕರುಣೆಯೂ ಇತ್ತು, ಸುಳ್ಳು ಹೇಳಬಾರದು. ಆದರೆ ಅವಳಿಗೆ ಸಾಕಾಗಿತ್ತು ಎನ್ನುವುದೂ ಅಷ್ಟೇ ನಿಜ.

"ಇಲ್ಲ ಕಣಪ್ಪ. ಏನೂ ಇಲ್ಲ" ಎಂದಳು.

ಆಪರೇಷನ್ ಮುಗಿಯುವುದು ತಡವಾಯಿತು. ಬೇರೆ ನಾಯಿಗಳೆಲ್ಲ ಎದ್ದು ತೂರಾಡುತ್ತ ಮನೆಗೆ ಹೋದ ಮೇಲೆ ಮಧುಕುಮಾರ್ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದರು. "ಒಳಗೆ ಮರಿಗಳಿದ್ದವು ಅಜ್ಜಿ. ಹೊಟ್ಟೆ ಕುಯ್ದ ಮೇಲೆ ಹಾಗೇ ಬಿಡೋ ಹಾಗಿರಲಿಲ್ಲ, ತೆಗೆದೆ. ರಕ್ತ ಜಾಸ್ತಿ ಹೋಗಿದೆ. ನಿಮ್ಮ ಕೈಗೆ ಗೊತ್ತಾಗಲಿಲ್ವಾ?"

ಎಷ್ಟು ಮರಿ ಎಂದು ಅವಳು ಕೇಳಲಿಲ್ಲ. ಕೇಳಿ ತಿಳಿಯಬೇಕಾಗಿಯೂ ಇರಲಿಲ್ಲ. "ವಯಸ್ಸಾಯ್ತಲ್ಲಪ್ಪ, ಕೈಗೆ ಗೊತ್ತಾಗ್ನಿಲ್ಲ" ಎಂದಳು. ಒಂದು ಸುಳ್ಳಿಗೆ ಜೊತೆ ಬೇಕಲ್ಲ, ಇನ್ನೊಂದು ಬಂತು. ಈ ಸಲ ಪಾಪ ಹೊತ್ತುಕೊಂಡದ್ದು ಅವಳ ಕೈ. ಗುರುಸಿದ್ದಮ್ಮನ ಕೈಗೂ ವಯಸ್ಸಾಯಿತು ಎಂದು ಸಂಜೆಯೊಳಗೆ ಊರೆಲ್ಲ ಆಡಿಕೊಂಡಿತು.

ಡಾಕ್ಟರು ಶಾಂತಿಯ ಕೈಗೆ ಮಾತ್ರೆ ಕೊಟ್ಟು, ಗಾಯಕ್ಕೆ ಒಂದು ಹನಿ ನೀರು ಸೋಕಬಾರದು ಎಂದು ಎರಡೆರಡು ಸಲ ಹೇಳಿ ಹೋಗಿದ್ದರು. ಇದು ಗುರುಸಿದ್ದಮ್ಮನಿಗೆ ತಿಳಿಯದ ಸಂಗತಿಯೇನಲ್ಲ. ಹೊಟ್ಟೆ ಕುಯ್ದು ಹೆರಿಗೆ ಮಾಡಿಸಿಕೊಂಡ ಬಾಣಂತಿಯರಿಗೂ ಹೊಲಿಗೆ ಒಣಗುವ ತನಕ ಅವಳು ನೀರು ಹಾಕುತ್ತಿರಲಿಲ್ಲ. ತಿಳಿದವರು ಮಾಡುವ ತಪ್ಪಿಗೆ ಮದ್ದಿಲ್ಲ ನೋಡಿ.

ಕೆಲವು ದಿನ ಕಳೆದು ಕೆಂಪಿ ಎದ್ದು ಓಡಾಡತೊಡಗಿತು. ಒಂದು ಬೆಳಿಗ್ಗೆ ಗುರುಸಿದ್ದಮ್ಮ ಹಿತ್ತಿಲಿಗೆ ಹೋದಾಗ ಮೆದೆಯ ಹಿಂದಿನಿಂದ ಕರಕರ ಸದ್ದು ಕೇಳಿಸಿತು. ಕೆಂಪಿ ಗುಂಡಿ ತೋಡುತ್ತಿತ್ತು. ತೋಡಿ, ಸುತ್ತು ಹಾಕಿ, ಅದರೊಳಗೆ ಮಲಗಿ, ಅವಳನ್ನೇ ನೋಡಿತು. ಮೊಲೆಗಳಲ್ಲಿ ಹಾಲು ಇಳಿದಿತ್ತು.

ಗುರುಸಿದ್ದಮ್ಮ ಹುಲ್ಲಿಗೆ ಒರಗಿ ನಿಂತುಬಿಟ್ಟಳು. ಮರಿಯಿಲ್ಲದ ನಾಯಿಗೆ ಹಾಲು! ಇದು ಬಾಣಂತಿಯಲ್ಲದೆ ಇನ್ನೇನು? ಇದಕ್ಕೆ ಅಂಬಲಿಯಿಲ್ಲ, ಎಣ್ಣೆಯಿಲ್ಲ, ಕೇಳುವವರಿಲ್ಲ. ಕೂಸು ಕಳೆದುಕೊಂಡ ಬಾಣಂತಿಯರಿಗೂ ಅವಳು ನೀರು ಹಾಕಿದ್ದುಂಟು. ಅಂಥವರಿಗೆ ಇನ್ನೂ ಹೆಚ್ಚು ನೀರು ಹಾಕಬೇಕು, ಮೈಯ ನೋವಾದರೂ ಇಳಿಯಲಿ ಎಂದು ತಾಯಿ ಹೇಳಿಕೊಟ್ಟಿದ್ದಳು. ತಾನು ಕಿತ್ತುಕೊಂಡದ್ದನ್ನು ಕೊಡಲಾಗುವುದಿಲ್ಲ, ಬಾಣಂತನವನ್ನಾದರೂ ಮಾಡೋಣ ಎಂದುಕೊಂಡಳು.

ಶಿವು, ಶಾಂತಿ ಹೊಲಕ್ಕೆ ಹೋದದ್ದು ನೋಡಿ ಹಂಡೆ ಒಲೆಗೆ ಬೆಂಕಿ ಹಾಕಿದಳು. ಲಕ್ಕಿಸೊಪ್ಪು ತಂದು ಹಾಕಿದಳು. ಬೆನ್ನಿಗೆ ಹರಳೆಣ್ಣೆ ಹಚ್ಚಿ, ಗಾಯ ಮುಟ್ಟಬಾರದು, ಸೊಂಟಕ್ಕೆ ಮಾತ್ರ ಎಂದು ಬಿಸಿನೀರು ಬೀಸಿ ಹೊಯ್ದಳು. ಹೆಂಗಸಿನ ಸೊಂಟಕ್ಕೆ ಬೀಸಿದ ನೀರು ಹಿಂದಿನಿಂದಲೇ ಇಳಿದು ಹೋಗುತ್ತದೆ. ನಾಲ್ಕು ಕಾಲಿನ ಪ್ರಾಣಿಯ ಬೆನ್ನಿಗೆ ಹೊಯ್ದ ನೀರು ಹೋಗುವುದು ಹೊಟ್ಟೆಗೆ. ಇಷ್ಟು ವರ್ಷ ನೀರು ಹೊಯ್ದ ಕೈಗೆ ಅಷ್ಟು ತಿಳಿಯಲಿಲ್ಲ. ಕೆಂಪಿ ಮಾತ್ರ ಕಣ್ಣು ಮುಚ್ಚಿಕೊಂಡು ಅಲುಗದೆ ನಿಂತಿತ್ತು. ಯಾರನ್ನೂ ಮುಟ್ಟಗೊಡದ ನಾಯಿ! ಅದೊಂದು ಸಲವಾದರೂ ಹಲ್ಲು ಕಿರಿದಿದ್ದರೆ ಆಗುತ್ತಿತ್ತು.

ಹೊಲಿಗೆ ಬಿಚ್ಚಿಕೊಂಡಿತು. ಗಾಯ ಕೀವಾಗಿ ನಾರತೊಡಗಿತು. ಕೆಂಪಿ ತಲೆ ಎತ್ತದಾದಾಗ ಶಾಂತಿಯೇ ಆಟೋ ಕರೆಸಿದಳು. ದಾರಿಯುದ್ದಕ್ಕೂ ನಾಯಿಯ ತಲೆ ಗುರುಸಿದ್ದಮ್ಮನ ತೊಡೆಯ ಮೇಲಿತ್ತು, ಮೈ ಒಲೆಯ ಕಲ್ಲಿನ ಹಾಗೆ ಸುಡುತ್ತಿತ್ತು. ಹಂಡೆಯಲ್ಲಿ ಉಳಿದ ಲಕ್ಕಿಸೊಪ್ಪು ನೋಡಿ ನಡೆದದ್ದನ್ನು ಊಹಿಸಿಕೊಂಡಿದ್ದ ಶಾಂತಿ ಅತ್ತೆಯ ಕಿವಿಯಲ್ಲಿ ಹೇಳಿದಳು: "ಅತ್ತೆ, ನೀವು ಬಾಯಿ ಬುಡ್ಬೇಡಿ. ಕಾಲುವೆಗೆ ಬಿದ್ಬುಡ್ತು ಅಂತ ನಾನೇ ಏಳ್ತೀನಿ."

ನಂಜನಗೂಡಿನ ದನದ ಆಸ್ಪತ್ರೆಯ ಮೇಜಿನ ಮೇಲೆ ಕೆಂಪಿಯನ್ನು ಮಲಗಿಸಿದಾಗ ಮಧುಕುಮಾರ್ ಮುಖ ಗಂಟಿಕ್ಕಿದರು. "ನೀರು ಹೇಗೆ ಬಿತ್ತು ಇದಕ್ಕೆ?"

"ಕಾಲುವೆಗೆ..." ಎಂದು ಶಾಂತಿ ಶುರುಮಾಡಿದಳು.

"ನಾನ್ ಉಯ್ದೆ ಕಣ್ ಸಾ" ಎಂದಳು ಗುರುಸಿದ್ದಮ್ಮ. "ಆಲು ಇಳ್ದಿತ್ತು. ಬಾಣಂತಿ ಅಂತ ಬಿಸ್ನೀರು ಉಯ್ದೆ." ಅಲ್ಲಿಗೇ ನಿಲ್ಲಿಸಬಹುದಿತ್ತು, ಯಾರೂ ಮುಂದಕ್ಕೆ ಕೇಳಿರಲಿಲ್ಲ. ಆದರೆ ನಿಲ್ಲಿಸಲಿಲ್ಲ. "ಅವತ್ತು ನನ್ ಕೈಗೆ ಗೊತ್ತಾಗಿತ್ತು. ಮರಿ ಔವೆ ಅಂತ ಗೊತ್ತಿದ್ದೂ ಇಲ್ಲ ಅಂದೆ. ನನ್ ಕೈದೇನೂ ತಪ್ಪಿಲ್ಲ, ಬಾಯಿದು ತಪ್ಪು."

ಮಧುಕುಮಾರ್ ಕೈಗವಸು ಹಾಕಿಕೊಂಡರು. "ಹೇಳಿದ್ದರೆ ಕಾಯ್ತಿದ್ದೆ ಅಜ್ಜಿ. ನಾನೇ ಗಾಡಿ ಕಳಿಸ್ತಿದ್ದೆ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಹೊರಗೆ ಕೂತಿರಿ. ಉಳಿಯುತ್ತೆ ಅಂತ ಈಗ ಹೇಳಲಾರೆ."

ಹೊರಗೆ ಬೇವಿನ ಮರದ ಕೆಳಗೆ ಅತ್ತೆ ಸೊಸೆ ಕೂತರು. ನಂಜುಂಡೇಶ್ವರನ ಊರಿನಲ್ಲಿ ಕೂತು ಹರಕೆ ಹೊರದ ಹೆಂಗಸು ಯಾರಿದ್ದಾರೆ? ಊರಿನ ಪ್ರತಿಯೊಂದು ಬಸಿರಿಗೂ ಅವಳು ಅವನಿಗೆ ಹರಕೆ ಹೊತ್ತವಳೇ. ಇವತ್ತೂ ಕೈ ಮುಗಿದಳು. ಏನೆಂದು ಕೇಳುವುದು? ಮರಿಗಳನ್ನು ನಾನು ತೆಗೆಸಿದೆ, ತಾಯಿಯನ್ನು ನೀನು ಉಳಿಸು ಎಂದೇ? ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಶಾಂತಿ ಬೆನ್ನು ನೇವರಿಸುತ್ತ ಕೂತಳು.

ಕೆಂಪಿ ಉಳಿಯಿತು. ಮತ್ತೆ ಹೊಲಿಗೆ ಹಾಕಿ, ಗಾಯ ನೆಕ್ಕದ ಹಾಗೆ ಕತ್ತಿಗೆ ಪ್ಲಾಸ್ಟಿಕ್ಕಿನ ಅಗಲವಾದ ಪಟ್ಟಿ ಕಟ್ಟಿ ಕಳಿಸಿದರು. ಗುರುಸಿದ್ದಮ್ಮ ಅದನ್ನು ತಾನು ಮಲಗುವ ಕೋಣೆಯಲ್ಲೇ ಕಟ್ಟಿಕೊಂಡಳು. ನೀರು ಕುಡಿಸುವಾಗಲೂ ಚೆಲ್ಲೀತೆಂದು ಹೊಟ್ಟೆಗೆ ಒಣ ಬಟ್ಟೆ ಅಡ್ಡ ಹಿಡಿಯುತ್ತಿದ್ದಳು.

ವನಜಾಕ್ಷಿ ನೋಡಲು ಬಂದಳು. ಬರಿಗೈಯಲ್ಲಿ ಬರಲಿಲ್ಲ, ನಾಯಿಗೆಂದು ಎರಡು ಮೊಟ್ಟೆ ಬೇಯಿಸಿಕೊಂಡು ಬಂದಿದ್ದಳು. "ಮುಂದಿನ್ ತಿಂಗ್ಳು ನನ್ ಮಗ್ಳು ಬಾಣಂತನಕ್ಕೆ ಬತ್ತಾವ್ಳೆ. ನೀನೇ ನೀರ್ ಉಯ್ಬೇಕು ಕಣಕ್ಕ, ನಿನ್ ಕೈಗುಣ ಇನ್ಯಾರ್ಗದೆ?" ಎಂದಳು.

"ನೀನು ಔಸ್ದಿ ಇಕ್ತೀನಿ ಅಂದಿದ್ದಲ್ಲವ್ವ" ಎಂದಳು ಗುರುಸಿದ್ದಮ್ಮ ನಾಯಿಯ ಕಡೆ ನೋಡುತ್ತ.

"ಅಯ್ಯೋ, ಸಿಟ್ನಲ್ಲಿ ಅಂದದ್ದು ಕಣಕ್ಕ! ಬಾಯ್ಮಾತ್ಗೆ ಅಂದ್ರೆ ಇಕ್ಬುಡ್ತಿದ್ನಾ? ಬಸ್ರಿ ನಾಯಿಗೆ ಯಾರಾರ ಇಕ್ತಾರಾ?"

ವನಜಾಕ್ಷಿ ಮೊಟ್ಟೆ ಸುಲಿದು ನಾಯಿಗೆ ತಿನ್ನಿಸಿ, ಮಗಳ ಬಾಣಂತನಕ್ಕೆ ಬರುತ್ತೀಯ ತಾನೆ ಎಂದು ಇನ್ನೊಂದು ಸಲ ಕೇಳಿ ಎದ್ದುಹೋದಳು.

ಗಾಯ ಒಣಗಿತು. ಡಾಕ್ಟರು ಬಂದು ಹೊಲಿಗೆ ಬಿಚ್ಚಿ, ಕತ್ತಿನ ಪಟ್ಟಿ ತೆಗೆದು, ಇನ್ನು ಬಿಡಬಹುದು ಅಂದರು. ಹಗ್ಗ ಬಿಚ್ಚಿದ ಕೂಡಲೆ ಕೆಂಪಿ ಹಿತ್ತಿಲಿಗೆ ಓಡಿತು. ಬಯಲು ಸಿಕ್ಕಿತಲ್ಲ, ಓಡಲಿ ಎಂದು ಗುರುಸಿದ್ದಮ್ಮ ಒರಳಿನ ಹತ್ತಿರ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಸೆರಗು ಜಗ್ಗಿದಂತಾಯಿತು. ತಿರುಗಿ ನೋಡಿದರೆ ಕೆಂಪಿ.

ಅವಳು ಮತ್ತೆ ಮೆಣಸಿನಕಾಯಿಯ ಕಡೆ ತಿರುಗಿದಳು. ಕೆಂಪಿ ಬಿಡಲಿಲ್ಲ, ಪ್ರತಿ ಸಲ ಎಳೆಯುವ ಹಾಗೆಯೇ ಎಳೆಯಿತು. ಎದ್ದು ಹಿಂದೆ ಹೋದಳು. ಮೆದೆಯ ಹಿಂದೆ ಅದೇ ಗುಂಡಿ. ಅದರೊಳಗೆ ಒಂದೆರಡು ಹುಲ್ಲಿನ ಎಸಳು ಬಿಟ್ಟರೆ ಏನೂ ಇರಲಿಲ್ಲ. ಕೆಂಪಿ ಗುಂಡಿಯನ್ನು ಮೂಸಿತು, ಅವಳ ಮುಖ ನೋಡಿತು, ಮತ್ತೆ ಗುಂಡಿಯನ್ನು ಮೂಸಿತು. ಅವಳಿಗೆ ಗೊತ್ತಿರಬೇಕು ಎನ್ನುವ ಹಾಗೆ.

ಗುರುಸಿದ್ದಮ್ಮ ಒಳಗೆ ಹೋಗಿ ಒಲೆ ಹಚ್ಚಿದಳು. ರಾಗಿ ಹಿಟ್ಟು ಕದಡಿ, ಬೆಲ್ಲ ಹಾಕಿ, ಬೆಚ್ಚಗೆ ಅಂಬಲಿ ಕಾಯಿಸಿ ತಂದು ಗುಂಡಿಯ ಅಂಚಿನಲ್ಲಿ ಇಟ್ಟಳು. ಕೆಂಪಿ ಒಂದು ತೊಟ್ಟೂ ಬಿಡದೆ ನೆಕ್ಕಿತು. ನೆಕ್ಕಿ ಮುಗಿಸಿ, ಗುಂಡಿಯೊಳಗೆ ಇಳಿದು, ಒಂದು ಮಗ್ಗುಲಾಗಿ ಮಲಗಿ ಮೊಲೆಗಳನ್ನು ತೆರೆದಿಟ್ಟುಕೊಂಡಿತು.

"ತಪ್ಪಾಯ್ತು ಕಣವ್ವ" ಎಂದಳು ಗುರುಸಿದ್ದಮ್ಮ. ಕೆಂಪಿ ಬಾಲ ಅಲ್ಲಾಡಿಸಿತು.